ಹದಿನಾಲ್ಕು ಆಯುಧ, ಒಂದು ಅಂಜನಾತ್

'ಮಾನ್‌ಸ್ಟರ್ ಹಂಟರ್: ವರ್ಲ್ಡ್' ಅನ್ನೋ ದೈತ್ಯ ಪ್ರಾಣಿಗಳ ಬೇಟೆಯ ವಿಡಿಯೊ ಗೇಮ್‌ನ ಹದಿನಾಲ್ಕೂ ಆಯುಧಗಳನ್ನು ಒಂದೊಂದಾಗಿ ಕೈಗೆ ಪಳಗಿಸುವ ಕೆಲಸ ಮುಕ್ಕಾಲು ಭಾಗ ಮುಗಿದಿದೆ. ನಾನು ಇಟ್ಟುಕೊಂಡ ನಿಯಮ ಇಷ್ಟೇ: ಆಟದ ಮೊದಲ ಹಂತವಾದ ಲೋ ರ‍್ಯಾಂಕ್‌ನಲ್ಲಿ ಸಿಗುವ ಸಾಮಾನಿನಿಂದಲೇ ಆಯುಧ ಮಾಡಿಸಬೇಕು, ಅಂಜನಾತ್ ಅನ್ನೋ ಮಾನ್‌ಸ್ಟರ್ ಮೇಲೆ ಒಬ್ಬನೇ ಹೋಗಬೇಕು, ಒಮ್ಮೆಯೂ ಮೂರ್ಛೆ ಬೀಳದೆ ಹೊಡೆದು ಬರಬೇಕು. ಹಾಗೆ ಆದರೆ ಮಾತ್ರ ಮುಂದಿನ ಆಯುಧ.

ಅಂಜನಾತ್‌ನನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಕಚ್ಚೋದು, ಬಾಲ ಬೀಸೋದು, ಮೈಮೇಲೆ ಓಡಿ ಬರೋದು, ಕೂಗು, ಬೆಂಕಿ, ಎಲ್ಲವೂ ಅದರ ಹತ್ತಿರ ಇದೆ. ತಲೆ ಎತ್ತರದಲ್ಲಿರುತ್ತೆ, ಬಗ್ಗಿ ಕಚ್ಚಲು ಬಂದಾಗ ಮಾತ್ರ ಕೈಗೆ ಸಿಗುತ್ತೆ. ಕಾಲಡಿ ನಿಂತರೆ ತುಳಿತ ತಪ್ಪಿದ್ದಲ್ಲ. ಒಂದು ಆಯುಧದಲ್ಲಿ ಏನಿದೆ, ಏನಿಲ್ಲ ಅನ್ನೋದು ಅದರ ಮುಂದೆ ಬೇಗ ಗೊತ್ತಾಗುತ್ತೆ.

ಹೊಸಬರು ಆಯುಧ ಆರಿಸುವಾಗ ಮೊದಲು ನೋಡೋದು ಅಟ್ಯಾಕ್ ಅಂಕಿಯನ್ನು. ಶುರುವಿನಲ್ಲೇ ಹದಿನಾಲ್ಕೂ ಆಯುಧ ಪೆಟ್ಟಿಗೆಯಲ್ಲಿ ಸಿಗುತ್ತವೆ. ಅದರಲ್ಲಿ ಗ್ರೇಟ್ ಸ್ವೋರ್ಡ್‌ಗೆ 384, ಡ್ಯುಯಲ್ ಬ್ಲೇಡ್ಸ್‌ಗೆ 112 ಅಂತ ಬರೆದಿರುತ್ತೆ. ನೋಡಿದವರು ದೊಡ್ಡ ಕತ್ತಿ ಮೂರು ಪಟ್ಟು ಜೋರು ಅಂದುಕೊಳ್ಳುತ್ತಾರೆ. ವರ್ಲ್ಡ್‌ನಲ್ಲಿ ಒಂದೊಂದು ಬಗೆಯ ಆಯುಧಕ್ಕೂ ಒಂದೊಂದು ಗುಣಕ ಹಾಕಿ ಅಂಕಿ ತೋರಿಸುತ್ತಾರೆ. ಗ್ರೇಟ್ ಸ್ವೋರ್ಡ್‌ಗೆ 4.8, ಡ್ಯುಯಲ್ ಬ್ಲೇಡ್ಸ್‌ಗೆ 1.4. ಭಾಗಿಸಿ ನೋಡಿದರೆ ಎರಡೂ 80. ಶುರುವಿನ ಹ್ಯಾಮರ್‌ದು 416, ಅದರ ಗುಣಕ 5.2, ಅದೂ 80. ಬೇರೆ ಬೇರೆ ಬಗೆಯ ಆಯುಧಗಳನ್ನು ಆ ಅಂಕಿಯಿಂದ ತೂಗಿ ನೋಡೋದರಲ್ಲಿ ಅರ್ಥವೇ ಇಲ್ಲ. ಒಂದೇ ಬಗೆಯ ಎರಡನ್ನು ಹೋಲಿಸಲು ಮಾತ್ರ ಅದು ಬೇಕು.

ಹಾಗಾದರೆ ಯಾವುದನ್ನು ನೋಡಿ ಆರಿಸಬೇಕು? ಇಷ್ಟು ಆಯುಧ ಹಿಡಿದ ಮೇಲೆ ನನಗೆ ಖಾತ್ರಿ ಆಗಿರೋದು ಒಂದೇ: ಮಾನ್‌ಸ್ಟರ್ ಮೈಮೇಲೆ ಬಂದಾಗ ನಮ್ಮ ಕೈ ತಾನಾಗಿ ಏನು ಮಾಡುತ್ತೆ ಅನ್ನೋದನ್ನು. ಕೆಲವರ ಕೈ ಪಕ್ಕಕ್ಕೆ ಉರುಳುತ್ತೆ, ಕೆಲವರದು ದೂರ ಓಡುತ್ತೆ, ಕೆಲವರದು ನಿಂತಲ್ಲೇ ಅಡ್ಡ ಹಿಡಿಯುತ್ತೆ. ಹೊಡೆಯೋದನ್ನು ಯಾವ ಆಯುಧದಲ್ಲಾದರೂ ಕಲಿಯಬಹುದು. ಆ ಅರೆಕ್ಷಣದ ಸ್ವಭಾವವನ್ನು ಬದಲಾಯಿಸೋದು ಬಹಳ ಕಷ್ಟ.

ಗ್ರೇಟ್ ಸ್ವೋರ್ಡ್ ಜೊತೆ ಜಾಸ್ತಿ ದಿನ ಇದ್ದೆ. ಕಂಟ್ರೋಲರ್‌ನ ವೈ ಬಟನ್ ಒತ್ತಿಹಿಡಿದರೆ ಕತ್ತಿ ಹೆಗಲ ಮೇಲೆ ಹೋಗಿ ಚಾರ್ಜ್ ಏರುತ್ತೆ. ಮೊದಲ ಚಾರ್ಜ್, ಆಮೇಲೆ ಸ್ಟ್ರಾಂಗ್, ಕೊನೆಗೆ ಟ್ರೂ ಚಾರ್ಜ್. ಮೂರನ್ನೂ ಪೂರ್ತಿ ಬೀಸಿಕೊಂಡು ಹೋದರೆ ಅಂಜನಾತ್ ಅಲ್ಲಿ ಕಾಯುತ್ತಾ ನಿಲ್ಲಲ್ಲ. ಚಾರ್ಜ್ ನಡುವೆ ಬಿ ಒತ್ತಿದರೆ ಹೆಗಲು ಕೊಟ್ಟು ಗುದ್ದುತ್ತೀವಿ, ಅದೇ ಟ್ಯಾಕಲ್. ಆ ಗುದ್ದಿನಲ್ಲಿ ಏಟು ಬಿದ್ದರೂ ಬೀಳಲ್ಲ, ಪೆಟ್ಟು ಕಮ್ಮಿ ತಾಗುತ್ತೆ, ಕೂಗಿಗೂ ಕಿವಿ ಮುಚ್ಚಿ ಕೂರಲ್ಲ, ಮೇಲಾಗಿ ನೇರ ಮುಂದಿನ ಚಾರ್ಜ್‌ಗೆ ಹೋಗ್ತೀವಿ. ಅಂಜನಾತ್ ಬಾಯಿ ತೆರೆದು ಕೂಗುವಾಗ ಎಲ್ಲರೂ ಹಿಂದೆ ಸರಿಯುವ ಹೊತ್ತಿಗೆ ನಾವು ಅದರ ಗದ್ದದ ಕೆಳಗೆ ಹೆಗಲು ಕೊಟ್ಟು ನಿಂತಿರ್ತೀವಿ. ಕೂಗು ಮುಗಿಸಿ ತಲೆ ಇಳಿಸುವಾಗ ಟ್ರೂ ಚಾರ್ಜ್ ಸರಿಯಾಗಿ ಅದರ ಮೇಲೆ ಇಳಿಯುತ್ತೆ. ಇಡೀ ಗೇಮ್‌ನಲ್ಲಿ ಇದಕ್ಕಿಂತ ಖುಷಿ ಕೊಡುವ ಕ್ಷಣ ನನಗೆ ಇನ್ನೊಂದು ಸಿಕ್ಕಿಲ್ಲ.

ಲಾಂಗ್ ಸ್ವೋರ್ಡ್‌ನಲ್ಲಿ ಫೋರ್‌ಸೈಟ್ ಸ್ಲ್ಯಾಶ್ ಇದೆ: ಏಟು ಬರುವ ಹೊತ್ತಿಗೆ ಸರಿಯಾಗಿ ಹಿಂದೆ ಜಾರಿ, ಮತ್ತೆ ಮುಂದೆ ಬಂದು ಕಡಿಯೋದು. ಹೊಡೆದ ಹಾಗೆ ತುಂಬುವ ಸ್ಪಿರಿಟ್ ಗೇಜ್ ಖಾಲಿ ಇಲ್ಲದಾಗಲೇ ಅದಕ್ಕೆ ಬಲ. ಹಿಂದೆ ಸರಿಯುವ ಕೈ ಇದ್ದವರಿಗೆ ಇದನ್ನು ಕಣ್ಣು ಮುಚ್ಚಿ ಹೇಳಬಹುದು. ಡ್ಯುಯಲ್ ಬ್ಲೇಡ್ಸ್ ಮತ್ತು ಬಿಲ್ಲು ಎರಡೂ ಸ್ಟ್ಯಾಮಿನಾ ತಿನ್ನುವ ಆಯುಧಗಳು, ಡ್ಯಾಶ್ ಜ್ಯೂಸ್ ಕುಡಿಯದೆ ಹೋಗಬಾರದು. ಏಟು ಸಣ್ಣದು, ಸಂಖ್ಯೆ ಜಾಸ್ತಿ, ಹಾಗಾಗಿ ಮಾನ್‌ಸ್ಟರ್‌ಗೆ ತಕ್ಕ ಎಲಿಮೆಂಟ್ (ಬೆಂಕಿ, ನೀರು ಇಂಥದ್ದು) ಹೊಂದಿಸೋದು ಮುಖ್ಯ. ಅಂಜನಾತ್‌ಗೆ ನೀರು. ಸ್ವೋರ್ಡ್ ಅಂಡ್ ಶೀಲ್ಡ್ ಒಂದರಲ್ಲಿ ಕತ್ತಿ ಒರೆಗೆ ಹಾಕದೆ ಪೋಷನ್ ಕುಡಿಯಬಹುದು, ಇದನ್ನು ತುಂಬಾ ಜನ ಲೆಕ್ಕಕ್ಕೇ ತಗೊಳ್ಳಲ್ಲ. ಇನ್ಸೆಕ್ಟ್ ಗ್ಲೇವ್ ಆಯಿತು. ಹುಳ ಬಿಟ್ಟು ಕೆಂಪು, ಬಿಳಿ, ಕಿತ್ತಳೆ ಮೂರೂ ರಸ ತರಿಸಿಕೊಂಡೇ ಹೊಡೆತಕ್ಕೆ ಇಳಿಯಬೇಕು. ಅದು ನನಗೆ ಹಿಡಿಸಲಿಲ್ಲ.

ಏಪ್ರಿಲ್‌ನಲ್ಲಿ ಕೆಲಸ ನಿಧಾನ ಆಯಿತು. ವಿನೋಬನಗರದ ನಮ್ಮ ಮಹಡಿ ರೂಮ್‌ನಲ್ಲಿ ಹಗಲು ಹೊತ್ತು ಕಂಪ್ಯೂಟರ್ ಹಚ್ಚುವ ಹಾಗೇ ಇಲ್ಲ, ಹಂಚು ಕಾದ ಹಾಗೆ ಕಾದಿರುತ್ತೆ. ಅಂಗಡಿ ಬಾಗಿಲು ಹಾಕಿ, ಊಟ ಮಾಡಿ, ಹತ್ತರ ಮೇಲೆಯೇ ಆಟ. ಚಿತ್ರದುರ್ಗದಲ್ಲಿರುವ ಸೋದರಮಾವನ ಮಗನೂ ಅದೇ ಹೊತ್ತಿಗೆ ಲೈನ್‌ಗೆ ಬರ್ತಾನೆ. ಅವನದು ಹ್ಯಾಮರ್, ಬೇರೆ ಏನನ್ನೂ ಮುಟ್ಟಲ್ಲ. ಇಬ್ಬರೂ ಸೇರಿ ಡಯಾಬ್ಲೋಸ್ ಅನ್ನೋ ಕೊಂಬಿನ ಮಾನ್‌ಸ್ಟರ್ ಹಿಂದೆ ಬಿದ್ದಿದ್ದೀವಿ. ಮೊದಲು ಇಬ್ಬರೇ ಹೋದರೂ ನಾಲ್ವರಿಗೆ ಅಂತ ಇಟ್ಟ ಪ್ರಾಣವನ್ನೇ ಇಳಿಸಬೇಕಿತ್ತು. 2019ರಲ್ಲಿ ಐಸ್‌ಬೋರ್ನ್ ಅನ್ನೋ ವಿಸ್ತರಣೆ ಬಂದ ಮೇಲೆ ಇಬ್ಬರಿಗೆ ಬೇರೆ ಅಳತೆ ಇಟ್ಟರು. ಜೋಡಿಯಾಗಿ ಆಡುವವರಿಗೆ ಆದ ದೊಡ್ಡ ಉಪಕಾರ ಅದು.

ಜೋಡಿ ಬೇಟೆಯಲ್ಲಿ ಆಯುಧದ ಲೆಕ್ಕ ಬೇರೆ. ಹ್ಯಾಮರ್ ಜಜ್ಜುವ ಆಯುಧ, ತಲೆಗೆ ಬಿದ್ದರೆ ಮಾನ್‌ಸ್ಟರ್ ತಲೆ ತಿರುಗಿ ಬೀಳುತ್ತೆ, ಆದರೆ ಬಾಲ ಕತ್ತರಿಸೋಕೆ ಆಗಲ್ಲ. ಗ್ರೇಟ್ ಸ್ವೋರ್ಡ್‌ಗೂ ಬೇಕಾಗಿರೋದು ಅದೇ ತಲೆ. ಹ್ಯಾಮರ್‌ನ ಕೆಳಗಿಂದ ಮೇಲಕ್ಕೆ ಬೀಸುವ ಏಟು ಪಕ್ಕದವನನ್ನೂ ಗಾಳಿಗೆ ಹಾರಿಸುತ್ತೆ. ಅವನೇ ಹೇಳಿದ, "ಭಾವ, ತಲೆ ನನಗೆ ಬಿಡು. ನೀನು ಬಾಲದ ಕಡೆ ನಿಂತ್ಕೊ, ಇಬ್ಬರಿಗೂ ಕೆಲಸ ಆಗುತ್ತೆ." ಮೂರ್ಛೆ ಇಬ್ಬರಿಗೂ ಸೇರಿ ಮೂರೇ, ಮೂರಾದರೆ ಬೇಟೆ ಮುಗೀತು. ಹಾಗಾಗಿ ಒಬ್ಬನಾದರೂ ಗಟ್ಟಿ ನಿಲ್ಲುವವನು ಇರಬೇಕು ಅಂತ ಈಟಿ, ಗುರಾಣಿಯ ಲ್ಯಾನ್ಸ್ ಎತ್ತಿಕೊಂಡೆ.

ಲ್ಯಾನ್ಸ್ ಬಗ್ಗೆ ಬೇಜಾರಿನ ಆಯುಧ ಅನ್ನೋ ಮಾತಿದೆ. ನಾನು ಒಪ್ಪಲ್ಲ. ಸತತ ಮೂರು ಬಾರಿ ಚುಚ್ಚಬಹುದು, ಆಮೇಲೆ ಸರಪಳಿ ಮುಗಿಯುತ್ತೆ. ಎರಡು ಚುಚ್ಚಿ, ಮೂರನೆಯದರ ಜಾಗದಲ್ಲಿ ಆರ್‌ಟಿ ಹಿಡಿದು ಬಿ ಒತ್ತಿದರೆ ಕೌಂಟರ್ ಭಂಗಿ. ಗುರಾಣಿ ಮುಂದೆ, ಈಟಿ ಹಿಂದೆ. ಡಯಾಬ್ಲೋಸ್ ಕೊಂಬು ತಗ್ಗಿಸಿ ಮರಳು ಎಬ್ಬಿಸುತ್ತಾ ಬರುತ್ತೆ, ಗುರಾಣಿಗೆ ಬಡಿಯುತ್ತೆ, ಕಾಲು ಒಂಚೂರು ಹಿಂದಕ್ಕೆ ಜಾರುತ್ತೆ, ಅದೇ ಉಸಿರಿಗೆ ಈಟಿ ತಾನೇ ಹೊರಗೆ ಹೋಗಿ ಚುಚ್ಚುತ್ತೆ. ಸರಪಳಿ ಮತ್ತೆ ಮೊದಲಿಂದ. ಕೂಗಿದರೂ ಗುರಾಣಿ ಸಾಕು. ಏಟು ತಡೆಯೋದನ್ನು ಗಟ್ಟಿ ಮಾಡುವ ಗಾರ್ಡ್ ಸ್ಕಿಲ್ ಐದು ಹಂತದವರೆಗೆ ಏರಿಸಬಹುದು. ಹಂತ ಏರಿದ ಹಾಗೆ ಹಿಂದಕ್ಕೆ ಜಾರೋದು ಕಮ್ಮಿ ಆಗುತ್ತೆ, ಹೊಡೆಯಲು ಸಿಗುವ ಹೊತ್ತು ಜಾಸ್ತಿ ಆಗುತ್ತೆ. ಲ್ಯಾನ್ಸ್‌ನವನ ಮಟ್ಟಿಗೆ ಇದೇ ನಿಜವಾದ ಅಟ್ಯಾಕ್ ಸ್ಕಿಲ್. ಭಂಗಿಯಲ್ಲಿ ಸುಮ್ಮನೆ ನಿಂತರೆ ಸ್ಟ್ಯಾಮಿನಾ ಇಳಿಯುತ್ತೆ, ಆದ್ದರಿಂದ ಬರುವ ಏಟನ್ನು ನೋಡಿಯೇ ಒತ್ತಬೇಕು. ಡಯಾಬ್ಲೋಸ್ ಮರಳೊಳಗೆ ಹೋದಾಗ ಜೋರು ಸದ್ದು ಮಾಡುವ ಸ್ಕ್ರೀಮರ್ ಪಾಡ್ ಹೊಡೆದರೆ ಅರ್ಧ ಮೈ ಹೊರಗೆ ಬಂದು ಸಿಕ್ಕಿಕೊಳ್ಳುತ್ತೆ. ಆಗ ನಾನು ಹಿಂದಿನಿಂದ, ದುರ್ಗದವನು ಮುಂದಿನಿಂದ. ನನ್ನ ಕೈ ನಿಂತು ತಡೆಯುವ ಕೈ ಅನ್ನೋದು ಇಲ್ಲಿ ನನಗೆ ಪೂರ್ತಿ ಗೊತ್ತಾಯಿತು. ಗ್ರೇಟ್ ಸ್ವೋರ್ಡ್‌ನ ಟ್ಯಾಕಲ್ ಇಷ್ಟವಾಗಿದ್ದೂ ಅದಕ್ಕೇ.

ಹಂಟಿಂಗ್ ಹಾರ್ನ್ ಅರ್ಧಕ್ಕೆ ನಿಂತಿದೆ. ಹಾಡು ನುಡಿಸಿ ಇಬ್ಬರಿಗೂ ಅಟ್ಯಾಕ್ ಏರಿಸಬಹುದು, ಅದೂ ತಲೆಗೆ ಜಜ್ಜುವ ಆಯುಧವೇ. ಬಾವಮೈದ ಅದನ್ನು ಎತ್ತಿಕೊಂಡರೆ ನಮ್ಮ ಜೋಡಿಗೆ ಬಹಳ ಲಾಭ, ಕೇಳಿ ನೋಡ್ತಿದ್ದೀನಿ. ಗುಂಡು ಹಾರಿಸುವ ಬೋಗನ್ ಎರಡೂ (ಲೈಟ್, ಹೆವಿ) ಬಾಕಿ. ಚಾರ್ಜ್ ಬ್ಲೇಡ್ ಕೊನೆಗೆ ಅಂತ ಬೇಕಂತಲೇ ಇಟ್ಟಿದ್ದೀನಿ. 2013ರಲ್ಲಿ 'ಮಾನ್‌ಸ್ಟರ್ ಹಂಟರ್ 4'ರಲ್ಲಿ ಇನ್ಸೆಕ್ಟ್ ಗ್ಲೇವ್ ಜೊತೆಗೆ ಬಂದದ್ದು ಅದು, ಅಲ್ಲಿಂದ 2025ರ 'ಮಾನ್‌ಸ್ಟರ್ ಹಂಟರ್ ವೈಲ್ಡ್ಸ್'ವರೆಗೂ ಮುಖ್ಯ ಸರಣಿಯಲ್ಲಿ ಹೊಸ ಬಗೆಯ ಆಯುಧ ಸೇರಿಲ್ಲ. ಅದರಲ್ಲಿ ಗಾರ್ಡ್ ಪಾಯಿಂಟ್ ಅಂತ ಇದೆ, ಆಯುಧ ರೂಪ ಬದಲಿಸುವ ನಡುವಿನ ಒಂದು ಕ್ಷಣದಲ್ಲಿ ಗುರಾಣಿ ತಾನಾಗಿ ಏಟು ತಡೆಯುತ್ತೆ. ಟ್ರೇನಿಂಗ್ ಏರಿಯಾದ ಕಂಬ ತಿರುಗಿ ಹೊಡೆಯಲ್ಲ, ಹಾಗಾಗಿ ಇದನ್ನು ನೇರ ಅಂಜನಾತ್ ಮುಂದೆಯೇ ಕಲಿಯಬೇಕು. ಈ ಭಾನುವಾರ ರಾತ್ರಿಯಿಂದ ಶುರು.