ಸ್ವಂತ ನಿವೇಶನದ ಮರ ಮತ್ತು ಮನೆಯ ನಕ್ಷೆ

ಬೆಂಗಳೂರಿನಲ್ಲಿ ಮರ ಕಡಿಯುವ ವಿಚಾರ ಸುದ್ದಿಯಾಗುವುದು ರಸ್ತೆ ಅಗಲೀಕರಣಕ್ಕೋ ಮೆಟ್ರೊ ಕಾಮಗಾರಿಗೋ ಸಾಲುಮರಗಳು ಬಲಿಯಾಗುವಾಗ ಮಾತ್ರ. ಕಾಂಪೌಂಡಿನ ಒಳಗಿರುವ ಮಾವು, ಹಲಸು, ಸಂಪಿಗೆಗಳ ಪಾಡು ಬೇರೆ. ಬಸವನಗುಡಿ, ಮಲ್ಲೇಶ್ವರ, ಜಯನಗರಗಳಲ್ಲಿ ಹಳೆಯ ಮನೆಯೊಂದನ್ನು ಕೆಡವಿ ನಾಲ್ಕು ಮಹಡಿ ಎಬ್ಬಿಸುವಾಗ ಹಿತ್ತಿಲಿನ ಮರಗಳೂ ಮನೆಯ ಜೊತೆಗೇ ಹೋಗುತ್ತವೆ. ಅದಕ್ಕೆ ಪ್ರತಿಭಟನೆಯೂ ಇರುವುದಿಲ್ಲ, ಲೆಕ್ಕವೂ ಇರುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ನಮ್ಮದೇ ಜಾಗದಲ್ಲಿದ್ದರೂ ಅದನ್ನು ಕಡಿಯುವ ಮೊದಲು ವೃಕ್ಷ ಅಧಿಕಾರಿಯ ಅನುಮತಿ ಪಡೆಯಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಒಣಗಿದ, ರೋಗ ಹಿಡಿದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಗಳನ್ನು ತೆಗೆಯಲು ಅವಕಾಶವಿದೆ. ಕಡಿದವರು ಬದಲಿಗೆ ಗಿಡ ನೆಡಬೇಕೆಂಬ ಹೊಣೆಯೂ ಇದೆ. ಬರಹದಲ್ಲಿ ಇದು ಕೆಟ್ಟ ಕಾಯ್ದೆಯೇನಲ್ಲ. ನನ್ನ ತಕರಾರು ಇರುವುದು ಅದು ಕೆಲಸಕ್ಕೆ ಬರುವ ಹೊತ್ತಿನ ಬಗ್ಗೆ. ಅರ್ಜಿ ವೃಕ್ಷ ಅಧಿಕಾರಿಯ ಮೇಜಿಗೆ ಬರುವಷ್ಟರಲ್ಲಿ ನಕ್ಷೆ ಮಂಜೂರಾಗಿ, ಬ್ಯಾಂಕಿನ ಸಾಲ ಕೈಸೇರಿ, ಗುತ್ತಿಗೆದಾರನಿಗೆ ಮುಂಗಡವೂ ಹೋಗಿರುತ್ತದೆ. ಮರ ಎರಡು ಪಿಲ್ಲರುಗಳ ನಡುವೆ ನಿಂತಿರುತ್ತದೆ. ನಾನು ನೋಡಿರುವ ಮನೆ ನಕ್ಷೆಗಳಲ್ಲಿ ಸಂಪು, ಕಾರು ನಿಲ್ಲುವ ಜಾಗ, ದೇವರ ಮನೆಯ ದಿಕ್ಕು ಎಲ್ಲವೂ ಇದ್ದವು. ನೆಲದ ಮೇಲಿದ್ದ ಮರ ಮಾತ್ರ ಇರಲಿಲ್ಲ.

ಅನುಮತಿಯ ಗೋಜೇ ಬೇಡ ಎನ್ನುವವರಿಗೆ ಇನ್ನೂ ಸುಲಭದ ದಾರಿಗಳಿವೆ. ಬುಡದ ಸುತ್ತ ತೊಗಟೆ ಸುಲಿಯುವುದು, ಬೇರಿಗೆ ಆಸಿಡ್ ಸುರಿಯುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಇದಕ್ಕಿಂತ ಸಾಮಾನ್ಯವಾದದ್ದು ಪಾಯ ತೋಡುವ ಕೆಲಸ. ಜೆಸಿಬಿಯ ಬಕೆಟ್ಟು ಮರದ ಒಂದು ಪಕ್ಕದ ಬೇರುಗಳನ್ನೆಲ್ಲ ಕಿತ್ತೆಸೆಯುತ್ತದೆ, ತೋಡಿದ ಗೋಡೆಯಲ್ಲಿ ತೋಳುಗಾತ್ರದ ಬೇರುಗಳು ಸೀಳಿಕೊಂಡು ನೇತಾಡುತ್ತವೆ, ವಾರದೊಳಗೆ ಆ ಜಾಗಕ್ಕೆ ಕಾಂಕ್ರೀಟು ಬೀಳುತ್ತದೆ. ಮರ ಹಸಿರಾಗಿಯೇ ನಿಂತಿರುತ್ತದೆ. ಆಮೇಲೆ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಅದು ಒಂದು ಕಡೆಗೆ ವಾಲಿದರೆ ‘ಅಪಾಯಕಾರಿ ಮರ’ವಾಗುತ್ತದೆ, ಅನುಮತಿ ಸಲೀಸಾಗಿ ಸಿಗುತ್ತದೆ.

ಕೆನಡಾದ ಟೊರಾಂಟೊ ನಗರದ ನಿಯಮ, ಕಾನೂನು ಯಾವ ಹೊತ್ತಿಗೆ ಕೆಲಸಕ್ಕೆ ಬರಬೇಕು ಎಂಬ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತದೆ. ನೆಲದಿಂದ 1.4 ಮೀಟರ್ ಎತ್ತರದಲ್ಲಿ ಅಳೆದಾಗ 30 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ವ್ಯಾಸವಿರುವ ಖಾಸಗಿ ಮರವನ್ನು ಕಡಿಯಲು ಮಾತ್ರವಲ್ಲ, ಅದಕ್ಕೆ ಗಾಯ ಮಾಡುವಂಥ ಕೆಲಸಕ್ಕೂ ಅಲ್ಲಿ ಪರವಾನಗಿ ಬೇಕು. ಕಟ್ಟಡ ಕೆಲಸ ಆರಂಭವಾಗುವ ಮೊದಲೇ ಉಳಿಯಬೇಕಾದ ಮರದ ಸುತ್ತ, ಅದರ ಕಾಂಡದ ಗಾತ್ರಕ್ಕೆ ತಕ್ಕ ದೂರದಲ್ಲಿ, ಬೇಲಿ ಕಟ್ಟಬೇಕು. ಅದರೊಳಗೆ ಅಗೆಯುವಂತಿಲ್ಲ, ಮರಳು ಸಿಮೆಂಟು ಪೇರಿಸುವಂತಿಲ್ಲ. ಬೇರೂ ಮರದ ಭಾಗವೇ ಎಂಬುದನ್ನು ಒಪ್ಪಿಕೊಂಡ ನಿಯಮವಿದು. ಅಲ್ಲಿನ ನಿವೇಶನಗಳ ವಿಸ್ತಾರ ನಮ್ಮಲ್ಲಿಲ್ಲ ನಿಜ, ಆದರೆ ಒಂದು ಟೇಪು ಹಿಡಿದು ಅಳತೆ ಮಾಡಿ ನಕ್ಷೆಯಲ್ಲಿ ಗುರುತು ಹಾಕಲು ವಿಸ್ತಾರವೇನೂ ಬೇಕಿಲ್ಲ.

ಹಾಗೆಂದು ಕಟ್ಟುನಿಟ್ಟೊಂದೇ ಸಾಕೆಂದು ನಾನು ಹೇಳಲಾರೆ. ಅದರ ಫಲವನ್ನು ಶ್ರೀಗಂಧದ ವಿಷಯದಲ್ಲಿ ಕರ್ನಾಟಕವೇ ಉಂಡಿದೆ. ತನ್ನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ ಸೊತ್ತಾಗಿದ್ದ ಕಾಲದಲ್ಲಿ, ಕಳ್ಳತನವಾದರೆ ವಿಚಾರಣೆ ತನ್ನ ಮೇಲೆಯೇ ಬರುತ್ತದೆಂದು ಹೆದರಿದ ರೈತನಿಗೆ ಸಸಿ ಕಂಡಾಗಲೇ ಕಿತ್ತುಹಾಕುವುದು ಕ್ಷೇಮವೆನಿಸುತ್ತಿತ್ತು. ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿ ಭೂಮಾಲೀಕನನ್ನೇ ಗಂಧದ ಮರದ ಒಡೆಯನನ್ನಾಗಿ ಮಾಡಿದ ಮೇಲೆಯೇ ಜನ ಧೈರ್ಯದಿಂದ ನೆಡತೊಡಗಿದ್ದು. ನಗರದಲ್ಲಿಯೂ ‘ಈಗ ನೆಟ್ಟರೆ ಮುಂದೆ ಕೊಂಬೆ ಕಡಿಯಲೂ ಕಚೇರಿ ಅಲೆಯಬೇಕು’ ಎಂಬ ಮಾತು ಕೇಳಿಬರುತ್ತದೆ, ಅದು ಪೂರ್ತಿ ಸುಳ್ಳಲ್ಲ. ಹಿರಿಯ ಮರವೊಂದನ್ನು ಉಳಿಸಿಕೊಂಡು ಮನೆ ಕಟ್ಟುವವರಿಗೆ ಸೆಟ್‌ಬ್ಯಾಕಿನಲ್ಲಿ, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ, ಒಂದಿಷ್ಟು ಸಡಿಲಿಕೆಯನ್ನೋ ಆಸ್ತಿ ತೆರಿಗೆಯಲ್ಲಿ ರಿಯಾಯಿತಿಯನ್ನೋ ಕೊಟ್ಟರೆ, ಅಪಾಯದ ಕೊಂಬೆ ತೆಗೆಯುವ ಖರ್ಚನ್ನು ನಗರವೂ ಹಂಚಿಕೊಂಡರೆ, ಮಾಲೀಕ ಮರವನ್ನು ನೋಡುವ ಕಣ್ಣೇ ಬದಲಾದೀತು.

ಮೂವತ್ತು ನಲವತ್ತರ ಸೈಟಿನಲ್ಲಿ ಹಲಸು ಬೆಳೆಸಿ ಎಂದು ಯಾರಿಗೂ ಹೇಳಲಾಗದು. ಅಲ್ಲಿ ಕರಿಬೇವು, ಪಾರಿಜಾತ, ಹೆಚ್ಚೆಂದರೆ ಒಂದು ಸೀಬೆ. ನಿಯಮ ಬಿಗಿಯಾಗಬೇಕಾದದ್ದು ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ. ದೊಡ್ಡ ಕಟ್ಟಡಗಳ ಪರಿಸರ ಷರತ್ತುಗಳು ಪ್ರತಿ 80 ಚದರ ಮೀಟರ್ ನೆಲಕ್ಕೆ ಒಂದು ಮರ ಎನ್ನುತ್ತವೆ. ಆದರೆ ಗಡಿಯಿಂದ ಗಡಿಯವರೆಗೆ ಬೇಸ್‌ಮೆಂಟ್ ತೋಡಿ, ಅದರ ಛಾವಣಿಯ ಮೇಲೆ ಸುರಿದ ತೆಳು ಮಣ್ಣಿನಲ್ಲಿ ನಿಂತ ಅಲಂಕಾರದ ಪಾಮ್ ಗಿಡವನ್ನೂ ಮರವೆಂದೇ ಎಣಿಸಿದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. 2025ರಲ್ಲಿ ಗ್ರೇಟರ್ ಬೆಂಗಳೂರಿಗೆ ಐದು ನಗರ ಪಾಲಿಕೆಗಳು ರಚನೆಯಾಗಿವೆ. ನಕ್ಷೆ ಮಂಜೂರು ಮಾಡುವಾಗ ನಿವೇಶನದ ಒಂದು ಪಾಲನ್ನು ಬೇಸ್‌ಮೆಂಟ್ ಇಲ್ಲದ ಹಸಿ ನೆಲವಾಗಿಯೇ ಬಿಡಿಸುವ, ಆ ಪಾಲನ್ನು ಈಗಾಗಲೇ ಮರ ಇರುವ ಕಡೆಗೇ ಗುರುತಿಸುವ ಕೆಲಸವನ್ನು ಅವುಗಳಲ್ಲಿ ಒಂದಾದರೂ ಆರಂಭಿಸಬಹುದು.