ಮುಟ್ಟಿದ ಕೂಡಲೇ ಕಾಗದ ಹಾಕು

ಬೆಳಿಗ್ಗೆ ಬದಿಯಡ್ಕದಿಂದ ಚಿಕ್ಕಮ್ಮ ಫೋನು ಮಾಡಿದ್ದರು. “ಮದುವೆಯ ಕರೆಯೋಲೆ ವಾಟ್ಸಾಪಿನಲ್ಲಿ ಹಾಕಿದ್ದೇನೆ, ನೋಡಿದೆಯಾ?” ಫೋನು ಇಟ್ಟ ಮೇಲೂ ಆ ಮಾತೇ ಕಿವಿಯಲ್ಲಿತ್ತು. ಓಲೆ ಎಂದರೆ ತಾಳೆಗರಿ. ಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು ಬರೆಯುವುದು ನಿಂತು ಎಷ್ಟು ತಲೆಮಾರಾಯಿತು! ಪದ ಮಾತ್ರ ಮೊಬೈಲಿನ ತನಕ ಬಂದಿದೆ.

‘ಹಾಕು’ ಎಂಬುದೂ ಹಾಗೆಯೇ. ಮುಂಬಯಿಗೆ ಹೊರಟ ಮಾವನಿಗೆ ಅಜ್ಜ ಅಂಗಳದ ತನಕ ಬಂದು ಹೇಳುತ್ತಿದ್ದದ್ದು ಒಂದೇ ಮಾತು: “ಮುಟ್ಟಿದ ಕೂಡಲೇ ಕಾಗದ ಹಾಕು.” ಕೆಂಪು ಡಬ್ಬಿಯ ಬಾಯಿಗೆ ಹಾಕುವ ಕಾಗದ. ಈಗ ನಾನು ಮಗಳಿಗೆ “ಮುಟ್ಟಿದ ಮೇಲೆ ಮೆಸೇಜ್ ಹಾಕು” ಎನ್ನುತ್ತೇನೆ. ಡಬ್ಬಿ ಹೋಯಿತು, ಹಾಕುವುದು ಉಳಿಯಿತು. ತಂತಿ, ಅಂದರೆ ಟೆಲಿಗ್ರಾಂ, ಅಂತೂ 2013ರ ಜುಲೈಯಲ್ಲಿ ನಿಂತೇಹೋಯಿತು.

ನಮ್ಮ ಟಪಾಲು ಪಕ್ಕದ ಮನೆಯ ಮಲಯಾಳದಲ್ಲಿ ತಪಾಲ್, ನಮ್ಮ ಕಾಗದ ಅವರಿಗೆ ಕತ್ತ್. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಈ ಮನೆಯಲ್ಲಿ ಕಾಗದ ಕಾಗದವಾಗಿಯೇ ಉಳಿದಿರುವುದು ನನಗೆ ದೊಡ್ಡ ಸಮಾಧಾನ.

ಅಜ್ಜನ ಒಂದು ನೀಲಿ ಇನ್‌ಲ್ಯಾಂಡ್ ಕಾಗದ ನನ್ನ ಬಳಿ ಇದೆ. ಜಾಗ ಸಾಲದೆ ಅಂಟಿಸುವ ಅಂಚಿನಲ್ಲೂ ಅಡ್ಡಕ್ಕೆ ಬರೆದಿದ್ದಾರೆ: “ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯುವುದು.” ಇಂದು ಅದನ್ನು ತೆಗೆದು ಮತ್ತೊಮ್ಮೆ ಓದಿದೆ. ಆಮೇಲೆ ಚಿಕ್ಕಮ್ಮನಿಗೆ ಬರೆದು ಹಾಕಿದೆ: “ಓಲೆ ತಲುಪಿತು. ನಾವೆಲ್ಲರೂ ಕ್ಷೇಮ. ಹಿಂದಿನ ದಿನವೇ ಬರುತ್ತೇವೆ.”