ಜಗಲಿಯ ಉತ್ತರ, ಹಿತ್ತಲಿನ ಉತ್ತರ

ಕೆಲವು ವರ್ಷಗಳ ಹಿಂದೆ ಮಂಡ್ಯ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮನೆಮನೆ ಸಮೀಕ್ಷೆಗೆಂದು ಹೋಗಿದ್ದೆ. ಹಾಲು, ಮೊಟ್ಟೆ, ದಿನಸಿಗೆ ಎಷ್ಟು ಖರ್ಚು ಮಾಡಬೇಕೆಂದು ಮನೆಯಲ್ಲಿ ಯಾರು ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆಗೆ, ಜಗಲಿಯ ಮೇಲೆ ಅತ್ತೆಯ ಪಕ್ಕದಲ್ಲಿ ಕುಳಿತಿದ್ದ ಸೊಸೆ ‘ಎಲ್ಲರೂ ಸೇರಿ’ ಎಂದರು. ನಾನು ಗುರುತು ಹಾಕಿಕೊಂಡೆ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅದೇ ಹೆಣ್ಣುಮಗಳು ಚೊಂಬಿನಲ್ಲಿ ನೀರು ಹಾಕುತ್ತಾ, ‘ನಮ್ ಕೈಲಿ ಏನೈತಕ್ಕ, ಎಲ್ಲಾ ನಮ್ಮತ್ತೆ ಹೇಳ್ದಂಗೆಯಾ’ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಸಂಜೆ ಮೇಲ್ವಿಚಾರಕರಿಗೆ ತಿಳಿಸಿದಾಗ, ಮೊದಲು ಬರೆದುಕೊಂಡದ್ದೇ ಇರಲಿ ಎಂದರು.

ಆ ಒಂದು ಗುರುತಿನ ಭಾರ ನನಗೆ ಅರಿವಾದದ್ದು ಬಾಂಗ್ಲಾದೇಶದ ಪ್ರಕರಣವನ್ನು ಓದಿದ ಮೇಲೆ. 1980ರಲ್ಲಿ ತಮಿಳುನಾಡಿನಲ್ಲಿ ಆರಂಭವಾದ ಪೌಷ್ಟಿಕತೆಯ ಯೋಜನೆಯು ಮಕ್ಕಳಿಗೆ ಪೂರಕ ಆಹಾರ ಕೊಟ್ಟು, ತಾಯಂದಿರಿಗೆ ತಿಳಿವಳಿಕೆ ಹೇಳಿ, ಒಳ್ಳೆಯ ಫಲ ಕಂಡಿತ್ತು. ಅದೇ ಮಾದರಿಯನ್ನು 1990ರ ದಶಕದಲ್ಲಿ ಬಾಂಗ್ಲಾದೇಶಕ್ಕೆ ಒಯ್ದಾಗ ನಿರೀಕ್ಷಿಸಿದಷ್ಟು ಪ್ರಯೋಜನವಾಗಲಿಲ್ಲ. ಅಲ್ಲಿ ಸಂತೆಗೆ ಹೋಗುತ್ತಿದ್ದವರು ಬಹುಮಟ್ಟಿಗೆ ಗಂಡಸರು, ಕೂಡುಕುಟುಂಬದಲ್ಲಿ ಅಡುಗೆಮನೆಯ ಯಜಮಾನಿಕೆ ಅತ್ತೆಯದು. ಆದರೆ ತಿಳಿವಳಿಕೆ ಹೇಳಿದ್ದು ಹೆಚ್ಚಾಗಿ ತಾಯಿಗೆ. ತಮಿಳುನಾಡಿನ ಫಲಿತಾಂಶ ಸುಳ್ಳಲ್ಲ, ಅದು ಯಾವುದರ ಮೇಲೆ ನಿಂತಿತ್ತೋ ಅದು ಬಾಂಗ್ಲಾದೇಶದಲ್ಲಿರಲಿಲ್ಲ, ಅಷ್ಟೆ.

ಇದನ್ನು ಕಾಣಲು ನಾವು ಜಿಲ್ಲೆಯನ್ನೂ ದಾಟಬೇಕಿಲ್ಲ. 1950ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರು ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿದ್ದು, ಆ ಊರುಗಳ ಹೆಸರು ಮರೆಸಿ, ಅಧ್ಯಯನ ಮಾಡಿದರು. ನಾಲೆಯ ನೀರು ಹರಿದ ಊರು ಕಬ್ಬು ಬೆಳೆದು ಹಣ ಕಂಡರೂ ತನ್ನ ಹಳೆಯ ಕಟ್ಟುಪಾಡುಗಳನ್ನು ಬಹಳಷ್ಟು ಉಳಿಸಿಕೊಂಡಿತು. ನೀರು ಹತ್ತದ ಊರಿನವರು ಮಂಡ್ಯದಲ್ಲಿ ಕೆಲಸ, ವ್ಯಾಪಾರಗಳನ್ನು ಹುಡುಕಿಕೊಂಡು ಹೋಗಿ, ಹೆಚ್ಚು ಬದಲಾದರು. ಒಂದೇ ಊರನ್ನು ನೋಡಿದ್ದರೆ ನೀರಾವರಿಯ ಬಗ್ಗೆ ಅರ್ಧ ಮಾತು ಮಾತ್ರ ಉಳಿಯುತ್ತಿತ್ತು.

ಮೊದಲು ಸಿಕ್ಕ ಫಲಿತಾಂಶ ಮತ್ತೆ ಸಿಗುತ್ತದೆಯೇ ಎಂದು ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ನಡೆಸಿ ನೋಡಿ, 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎರಡನೆಯ ಬಾರಿ ಅಂಕಿಅಂಶದ ಒರೆಗೆ ನಿಂತ ಫಲಿತಾಂಶಗಳು ಶೇ 36ರಷ್ಟು. ಇದು ಕಳವಳದ ಸಂಗತಿಯೇ ಸರಿ. ಆದರೂ ನನ್ನನ್ನು ಹೆಚ್ಚು ಕಾಡುವುದು ಮರುಪರೀಕ್ಷೆಯಲ್ಲೂ ಸಿಕ್ಕಿಬೀಳದ ತಪ್ಪು. ನಾಳೆ ಇನ್ನೊಬ್ಬರು ಅದೇ ನಮೂನೆ ಹಿಡಿದು ಅದೇ ಜಗಲಿಗೆ ಹೋದರೂ, ಅತ್ತೆ ಪಕ್ಕದಲ್ಲಿ ಇರುವವರೆಗೂ ಆ ಸೊಸೆ ‘ಎಲ್ಲರೂ ಸೇರಿ’ ಎಂದೇ ಹೇಳುತ್ತಾರೆ. ಉತ್ತರ ಕೊಡುವಾಗ ಹತ್ತಿರ ಯಾರಿದ್ದರು ಎಂದು ಬರೆಯಲು ನಮ್ಮ ನಮೂನೆಯಲ್ಲಿ ಒಂದು ಸಾಲೂ ಇರಲಿಲ್ಲ.